ಬಣ್ಣದ ಕೆಳಗಿನ ತಗಡು

ಹಳೆ ಪಿಕಪ್ ನೋಡಲು ಹೋದವರು ಮೊದಲು ಅದನ್ನು ನಾಲ್ಕು ಮಾರು ಮುಂದಕ್ಕೆ ತೆಗೆಸಬೇಕು. ಗಾಡಿ ನಿಂತಿದ್ದ ಜಾಗದಲ್ಲಿ ಕಪ್ಪು ಹನಿಯಿದ್ದರೆ ಎಂಜಿನ್ ಆಯಿಲ್ಲು, ಹಸಿರು ಹನಿಯಿದ್ದರೆ ರೇಡಿಯೇಟರಿನದು, ಹಿಂಚಕ್ರದ ಒಳಬದಿ ಒದ್ದೆಯಿದ್ದರೆ ಬ್ರೇಕಿನದು. ಮಾರುವವನು ಬಾಯಿ ತೆರೆಯುವ ಹೊತ್ತಿಗೆ ನೆಲ ಅರ್ಧ ವಿಷಯ ಹೇಳಿ ಮುಗಿಸಿರುತ್ತದೆ.

*

ತೊಳೆದು ನಿಲ್ಲಿಸಿದ ಗಾಡಿಗೆ ಬೆಲೆ ಹೆಚ್ಚು. ತೊಳೆಯದ ಗಾಡಿಯಲ್ಲಿ ಸುದ್ದಿ ಹೆಚ್ಚು.

*

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಕಡೆಯ ಗಾಡಿಗಳ ನಂಬರು ಕೆಎ-16ರಿಂದಲೇ ಶುರು. ಆದರೆ ನಂಬರ್ ಪ್ಲೇಟ್ ಮುಚ್ಚಿ ಹಿಂದಿನ ಬಾಡಿಯ ನೆಲವನ್ನಷ್ಟೇ ತೋರಿಸಿದರೂ ಅನುಭವಸ್ಥರು ತಾಲ್ಲೂಕು ಹೇಳಿಬಿಡುತ್ತಾರೆ. ಹಸಿ ಅಡಿಕೆ ಗೊನೆ ಹೊತ್ತ ಹೊಳಲ್ಕೆರೆ ಗಾಡಿಯ ತಗಡಿನಲ್ಲಿ ಕಪ್ಪು ಕಲೆ ಕೂತಿರುತ್ತದೆ. ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣಕ್ಕೆ ತಾಗಿದರೆ ಕಪ್ಪಾಗುತ್ತದೆ, ಆಮೇಲೆ ಸೋಪಿಗೆ ಬಗ್ಗುವುದಿಲ್ಲ. ಹೊಸದುರ್ಗದ್ದರಲ್ಲಿ ಮೂಲೆಮೂಲೆಗೂ ತೆಂಗಿನ ನಾರು. ಹಿರಿಯೂರಿನದ್ದರ ಡೋರಿನ ಸಂದಿಯಲ್ಲಿ ಈರುಳ್ಳಿ ಸಿಪ್ಪೆ, ಎಷ್ಟು ಗುಡಿಸಿದರೂ ಮುಗಿಯದಷ್ಟು. ಭೀಮಸಮುದ್ರದ ಆಸುಪಾಸಿನಲ್ಲಿ ದುಡಿದದ್ದಾದರೆ ಬೋಲ್ಟಿನ ಎಳೆಗಳಲ್ಲೂ ಅದಿರಿನ ಕೆಂಪು. ಕುರಿ ಸಾಗಿಸಿದ ಗಾಡಿಯನ್ನಂತೂ ಕಣ್ಣು ಮುಚ್ಚಿಕೊಂಡೇ ಗುರುತಿಸಬಹುದು.

*

ಕಲ್ಲು ಹೊತ್ತ ಬಾಡಿ ನೆಗ್ಗುತ್ತದೆ, ಗೊಬ್ಬರ ಹೊತ್ತ ಬಾಡಿ ತೂತಾಗುತ್ತದೆ. ನೆಗ್ಗಿದ್ದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತದೆ, ಆದ್ದರಿಂದ ಬೆಲೆ ಇಳಿಸುತ್ತದೆ. ಯೂರಿಯಾ, ಪೊಟ್ಯಾಷ್ ಚೀಲಗಳಿಂದ ಉದುರಿದ ಪುಡಿ ಹಸಿ ಹೀರಿಕೊಂಡು ತಗಡನ್ನು ತಿನ್ನುವುದು ರಬ್ಬರ್ ಮ್ಯಾಟಿನ ಅಡಿಯಲ್ಲಿ. ಅದನ್ನು ಕಾಣಬೇಕಾದರೆ ಮಂಡಿಯೂರಿ ಗಾಡಿಯ ಕೆಳಗೆ ಟಾರ್ಚ್ ಬಿಡಬೇಕು. ಕೀಲಿಕೈಯ ಮೊನೆಯಿಂದ ಕುಕ್ಕಿದಾಗ ಟಣ್ ಎಂದರೆ ತಗಡು, ಪುಡಿ ಉದುರಿದರೆ ತುಕ್ಕು. ಬಿಳಿ ಪಂಚೆ ಉಟ್ಟು ಗಾಡಿ ನೋಡಲು ಹೋಗಬಾರದು ಎಂದು ಹಿರಿಯ ಡ್ರೈವರುಗಳು ಹೇಳುವುದು ಇದಕ್ಕೇ.

*

ನಮ್ಮ ಬಯಲುಸೀಮೆ ಬಣ್ಣವನ್ನು ತಿಂದು ತಗಡನ್ನು ಉಳಿಸುತ್ತದೆ. ಕರಾವಳಿ ಬಣ್ಣವನ್ನು ಉಳಿಸಿ ತಗಡನ್ನು ತಿನ್ನುತ್ತದೆ. ಮಂಗಳೂರಿನ ಕೆಎ-19, ಉಡುಪಿಯ ಕೆಎ-20 ಗಾಡಿ ಫಳಫಳ ಹೊಳೆಯುತ್ತ ನಮ್ಮ ಊರಿಗೆ ಮಾರಾಟಕ್ಕೆ ಬಂದರೆ ಮೊದಲು ಕೆಳಗೆ ಬಗ್ಗಿ ಚಾಸಿ ನೋಡಿ. ಉಪ್ಪುಗಾಳಿ ಕೆಳಗಿನಿಂದ ಊಟ ಶುರು ಮಾಡುತ್ತದೆ. ಹಿರಿಯೂರಿನ ಬಿಸಿಲಿನಲ್ಲಿ ಹತ್ತು ವರ್ಷ ನಿಂತ ಗಾಡಿಯ ಬಾನೆಟ್ ಸವರಿದರೆ ಅಂಗೈಗೆ ಸುಣ್ಣದಂಥ ಪುಡಿ ಹತ್ತುತ್ತದೆ. ಹತ್ತಲಿ. ನೋಡಲು ರೋಗ, ಒಳಗೆ ಆರೋಗ್ಯ.

*

ತಗ್ಗುಗಳಿಗೂ ಜಾತಕವಿದೆ. ಹಿಂದಿನ ಎಡ ಮೂಲೆಯ ತಗ್ಗು ರಿವರ್ಸ್ ತೆಗೆದಾಗಿನದು, ತೋಟದ ಕಲ್ಲುಕಂಬದ್ದು. ಪಕ್ಕದ ಡೋರು ಒಳಗಿನಿಂದ ಹೊರಕ್ಕೆ ಉಬ್ಬಿದ್ದರೆ ಮಿತಿಮೀರಿ ತುಂಬಿದ ಚೀಲಗಳದ್ದು. ಕ್ಯಾಬಿನ್ ತಾರಸಿಯ ತಗ್ಗು ಟಾರ್ಪಾಲಿಗೆ ಹಗ್ಗ ಬಿಗಿಯಲು ಹತ್ತಿದವನ ಮೊಣಕಾಲಿನದು. ಇವೆಲ್ಲ ದುಡಿಮೆಯ ಗುರುತುಗಳು, ಇವಕ್ಕೆ ಹೆದರಬೇಕಿಲ್ಲ. ಮುಂದಿನ ಬಂಪರ್ ಹೊಚ್ಚಹೊಸದಾಗಿ, ಹೆಡ್‌ಲೈಟುಗಳಲ್ಲಿ ಒಂದು ಮಾತ್ರ ಹೊಸದಾಗಿ, ಇನ್ನೊಂದು ಹಳದಿಗಟ್ಟಿ ಕೂತಿದ್ದರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

*

ಮಾರುವ ಮುನ್ನಾದಿನ ಹೊಡೆಸಿದ ಬಣ್ಣ ಯಾರಿಗಾಗಿ ಹೊಡೆಸಿದ್ದು?

*

ಜೇಬಿನಲ್ಲೊಂದು ಆಯಸ್ಕಾಂತದ ಚೂರು ಇಟ್ಟುಕೊಂಡು ಹೋಗುವವರಿದ್ದಾರೆ. ತಗಡಿಗೆ ಅದು ಪಟ್ಟನೆ ಅಂಟುತ್ತದೆ. ದಪ್ಪ ಪುಟ್ಟಿ ಮೆತ್ತಿದ ಕಡೆ ಜಾರಿ ಬೀಳುತ್ತದೆ. ಬಾಗಿಲಿನ ರಬ್ಬರ್ ಬೀಡಿಂಗಿನ ಮೇಲೆ ಬಣ್ಣದ ತುಂತುರು ಇದೆಯೇ, ಬಾಗಿಲ ಹಿಂಜಿನ ಬೋಲ್ಟುಗಳ ತಲೆಯ ಮೇಲೆ ಪಾನಾ ಜಾರಿದ ಗೀರು ಇದೆಯೇ ನೋಡಬೇಕು. ಬೋಲ್ಟ್ ಒಮ್ಮೆ ಬಿಚ್ಚಿದರೆ ಕಂಪನಿಯ ಬಣ್ಣ ಮುರಿಯುತ್ತದೆ. ಮೇಲೆಲ್ಲ ಥಳುಕು, ಒಳಗೆಲ್ಲ ಹುಳುಕು ಎಂದ ಹಿರಿಯರು ಪಿಕಪ್ ಕಂಡಿರಲಿಲ್ಲ, ಆದರೆ ಮಾರುವವರನ್ನು ಕಂಡಿದ್ದರು.

*

ಕಿಲೋಮೀಟರು ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸುವ ಕೈಗಳು ಎಲ್ಲ ಊರಲ್ಲೂ ಇವೆ. ಕ್ಲಚ್ ಪೆಡಲಿನ ರಬ್ಬರ್ ಸವೆದದ್ದನ್ನು, ಸ್ಟಿಯರಿಂಗಿನ ಮೇಲ್ಭಾಗ ನುಣುಪಾದದ್ದನ್ನು, ಡ್ರೈವರ್ ಸೀಟಿನ ಬಲ ಅಂಚು ಕುಸಿದದ್ದನ್ನು ಹಿಂದಕ್ಕೆ ತಿರುಗಿಸಲು ಯಾರಿಗೂ ತೋಚುವುದಿಲ್ಲ. ಐವತ್ತು ಸಾವಿರ ಓಡಿದ ಗಾಡಿಗೆ ಎರಡು ಲಕ್ಷದ ಪೆಡಲು ಇರುವುದಿಲ್ಲ.

*

ದನದ ಸಂತೆಯಲ್ಲಿ ಎತ್ತಿನ ಕೊಂಬು ಹೆರೆದು, ಎಣ್ಣೆ ಸವರಿ, ಗೆಜ್ಜೆ ಕಟ್ಟಿ ನಿಲ್ಲಿಸುತ್ತಿದ್ದರು. ಕೊಳ್ಳುವವನು ಕೊಂಬನ್ನು ಹೊಗಳುತ್ತಲೇ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದ. ಆಮೇಲೆ ಟವೆಲ್ಲಿನ ಅಡಿಯಲ್ಲಿ ಬೆರಳು ಹಿಡಿದು ವ್ಯಾಪಾರ. ಹೊಗಳಿಕೆ ಎಲ್ಲರಿಗೂ ಕೇಳುತ್ತಿತ್ತು, ಬೆಲೆ ಇಬ್ಬರಿಗೆ ಮಾತ್ರ. ಪಿಕಪ್ ವ್ಯಾಪಾರದಲ್ಲಿ ಹಾಗೆ ಉಳಿದಿರುವುದು ಇಷ್ಟೇ: ಕೊಂಬನ್ನು ಹೊಗಳಿದವನಿಗೆ ಹಲ್ಲು ತೋರಿಸಲು ಮಾರುವವನು ಒಪ್ಪುತ್ತಾನೆ. ಬಂದ ಕೂಡಲೇ "ಇದೇನಣ್ಣ ಇಷ್ಟು ನೆಗ್ಗೈತೆ" ಎಂದು ಮೂಗು ಮುರಿದವನಿಗೆ ಬಾನೆಟ್ ತೆಗೆಯುವುದೇ ಇಲ್ಲ.

*

ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ನೀವು ಬರುವ ಮುಂಚೆಯೇ ಬಿಸಿ ಮಾಡಿಟ್ಟಿದ್ದರೆ, ಟೀ ಕುಡಿದು, ಊರ ಸುದ್ದಿ ಮಾತಾಡಿ, ತಣಿಯುವವರೆಗೂ ಕೂತುಬಿಡಿ. ಮಾರುವವನ ಚಡಪಡಿಕೆಯೂ ಒಂದು ಮೀಟರೇ.

*

ನಾಲ್ಕು ಚಕ್ರದ ಸಣ್ಣ ಸರಕು ಗಾಡಿ ನಮ್ಮ ಹಳ್ಳಿಗಳಿಗೆ ಹೊಕ್ಕಿದ್ದು ನಿನ್ನೆ ಮೊನ್ನೆ. ಟಾಟಾ 407 ಬಂದದ್ದು 1986ರಲ್ಲಿ, ಆದರೆ ಅದು ಊರಿಗೊಂದೋ ಎರಡೋ, ಸಾಹುಕಾರರ ಮನೆ ಮುಂದೆ. 2005ರಲ್ಲಿ ಟಾಟಾ ಏಸ್ ಬಂತು: ಎರಡೇ ಸಿಲಿಂಡರು, 702 ಸಿಸಿ, 16 ಅಶ್ವಶಕ್ತಿ. ಲಾರಿಯವರು ನಕ್ಕರು. ತರಕಾರಿಯವರು ಕೊಂಡರು. 2011ರಲ್ಲಿ ಅಶೋಕ್ ಲೇಲ್ಯಾಂಡ್, ನಿಸ್ಸಾನ್ ಜೊತೆ ಸೇರಿ ದೋಸ್ತ್ ತಂದಿತು. ಇವುಗಳ ಜೊತೆಗೇ ಮಹೀಂದ್ರದ ಬೊಲೆರೋ ಪಿಕಪ್, ಕಮಾನು ಪಟ್ಟಿ ಗಟ್ಟಿ ಎಂಬ ಒಂದೇ ಹೆಸರಿನ ಮೇಲೆ, ತೋಟದ ದಾರಿಗಳನ್ನು ಗೆದ್ದುಕೊಂಡಿತು. ಮೊದಲ ಏಸುಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಅವುಗಳಲ್ಲಿ ಕೆಲವು ನಾಲ್ಕನೆಯ ಮಾಲೀಕನ ಕೈಯಲ್ಲಿ, ಮೂರನೆಯ ಬಣ್ಣದಲ್ಲಿ, ಇನ್ನೂ ಟೊಮೆಟೊ ಹೊರುತ್ತಿವೆ.

*

2020ರ ಏಪ್ರಿಲ್ 1ರಿಂದ ಹೊಗೆಯ ಹೊಸ ನಿಯಮದ ಬಿಎಸ್-6 ಗಾಡಿಗಳೇ ಮಾರಾಟ. ಅವುಗಳಲ್ಲಿ ಸೆನ್ಸರು, ಹೊಗೆ ಸೋಸುವ ಫಿಲ್ಟರು. ಲೈಟು ಹತ್ತಿತೆಂದರೆ ಲ್ಯಾಪ್‌ಟಾಪ್ ಇರುವ ಕಡೆಗೇ ಹೋಗಬೇಕು. ಅದಕ್ಕೂ ಹಿಂದಿನ ಎಷ್ಟೋ ಗಾಡಿಗಳಿಗೆ ಹಳ್ಳಿಯ ಮೆಕ್ಯಾನಿಕ್ಕಿನ ಕಿವಿ ಸಾಕು. ಹಾಗಾಗಿ ವಯಸ್ಸಾದ ಗಾಡಿಗೆ ವಯಸ್ಸಿಗೆ ಮೀರಿದ ಬೆಲೆ. ಮಾಲಿನ್ಯದ ಲೆಕ್ಕದಲ್ಲಿ ಇದು ತಪ್ಪು ಎಂದು ನನಗೂ ಗೊತ್ತು. ನಡುರಾತ್ರಿ ಐಮಂಗಲದ ಹತ್ತಿರ ಈರುಳ್ಳಿ ಲೋಡಿನೊಂದಿಗೆ ನಿಂತುಹೋದವನಿಗೆ ಆ ಲೆಕ್ಕ ಹೇಳುವ ಧೈರ್ಯ ನನಗಿಲ್ಲ.

*

2025ರ ಸೆಪ್ಟೆಂಬರ್ 22ರಂದು ಸರಕು ವಾಹನಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಹೊಸ ಗಾಡಿ ಕೊಂಡವರಿಗೆ ಅದು ಹಬ್ಬ. ಹಳೆ ಗಾಡಿಯನ್ನು ಆಗಸ್ಟಿನಲ್ಲಿ ಹಳೆ ಬೆಲೆಗೆ ಕೊಂಡವರು ಪತ್ರಿಕೆ ಮಡಚಿಟ್ಟರು.

*

ಮಾರಿಕಣಿವೆಯ ವಾಣಿವಿಲಾಸ ಸಾಗರ ಜಲಾಶಯ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 2022ರಲ್ಲಿ. ನೀರು ಕಂಡ ವರ್ಷ ಹಿರಿಯೂರು ಸೀಮೆಯಲ್ಲಿ ಪಿಕಪ್ ಹುಡುಕುವವರು ಹೆಚ್ಚು, ಮಾರುವವರು ಕಮ್ಮಿ. 2023ರಂಥ ಬರದಲ್ಲಿ ಎಲ್ಲ ತಿರುಗುಮುರುಗು: ಮನೆಗೊಂದು ಗಾಡಿ ಮಾರಾಟಕ್ಕೆ. ಬರದ ವರ್ಷ ಮಾರಾಟಕ್ಕೆ ಬಂದ ಗಾಡಿಯ ಮೇಲೆ ಗೀರಿಲ್ಲದಿದ್ದರೂ ಮಾಲೀಕನ ಮುಖದ ಮೇಲಿರುತ್ತದೆ. ಅಲ್ಲಿ ಚೌಕಾಸಿಗೊಂದು ಮಿತಿ ಇರಬೇಕು ಎಂದು ನಾನು ಅಂದುಕೊಂಡಿದ್ದೇನೆ. ಮಾರುಕಟ್ಟೆ ಹಾಗೆ ಅಂದುಕೊಂಡಿಲ್ಲ.

*

ಕಂತು ಕಟ್ಟದೆ ಫೈನಾನ್ಸಿನವರು ಎಳೆದುಕೊಂಡು ಹೋದ ಗಾಡಿಗೆ ಸೀಜ್ ಗಾಡಿ ಎಂದು ಹೆಸರು. ಯಾರ್ಡಿನಲ್ಲಿ ಸಾಲಾಗಿ ನಿಂತ ಅವುಗಳಲ್ಲಿ ಸ್ಟೆಪ್ನಿ ಇರುವುದಿಲ್ಲ, ಬ್ಯಾಟರಿ ಇರುವುದಿಲ್ಲ, ಟೇಪ್‌ರೆಕಾರ್ಡರು ಇದ್ದ ಕಡೆ ತೂತು ಮತ್ತು ನಾಲ್ಕು ವೈರು. ಅಗ್ಗಕ್ಕೆ ಸಿಗುತ್ತವೆ, ನಿಜ. ಡ್ಯಾಶ್‌ಬೋರ್ಡಿನ ಮೇಲೆ ಒಣಗಿದ ಸೇವಂತಿಗೆ ಹಾರ ಹಾಗೇ ಇರುತ್ತದೆ. ಕೊಂಡವನು ಮೊದಲು ತೆಗೆದುಹಾಕುವುದು ಅದನ್ನೇ.

*

ಆಷಾಢದಲ್ಲಿ ಗಾಡಿ ಕೊಳ್ಳಬಾರದು ಎಂಬುದು ಶಾಸ್ತ್ರ. ಆಷಾಢದಲ್ಲಿ ಗಾಡಿ ಅಗ್ಗ ಎಂಬುದು ವ್ಯವಹಾರ. ಅಡ್ವಾನ್ಸ್ ಆಷಾಢದಲ್ಲಿ ಕೊಟ್ಟು, ಕೀಲಿ ಶ್ರಾವಣದಲ್ಲಿ ಇಸಿದುಕೊಳ್ಳುವುದು ನಮ್ಮವರು ಕಂಡುಕೊಂಡ ರಾಜಿ. ದೇವರಿಗೂ ಬೇಜಾರಿಲ್ಲ, ಬ್ರೋಕರಿಗೂ ಬೇಜಾರಿಲ್ಲ.

*

ಕಾಗದದ ತಗ್ಗನ್ನು ಬಡಿದು ಎಬ್ಬಿಸಲು ತಗಡು ಕೆಲಸದ ಟಿಂಕರಿಗೆ ಬರುವುದಿಲ್ಲ. ಗಾಡಿ ಮಾರಿದವನು ರಾಜ್ಯದೊಳಗಾದರೆ 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವನು 30 ದಿನದೊಳಗೆ ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕು. ಅದಕ್ಕೆ ಫಾರಂ 29, ಫಾರಂ 30. ಸಾಲವಿದ್ದ ಗಾಡಿಯಾದರೆ ಫೈನಾನ್ಸಿನ ಎನ್‌ಓಸಿ ಮತ್ತು ಫಾರಂ 35. ಹಳ್ಳಿಗಳಲ್ಲಿ ಇದ್ಯಾವುದೂ ಇಲ್ಲದೆ ಬಾಂಡ್ ಪೇಪರಿನ ಮೇಲೆ ರುಜು ಹಾಕಿ, ಕೈ ಕುಲುಕಿ, ಎಷ್ಟೋ ಗಾಡಿ ಮೂರು ಕೈ ದಾಟಿರುತ್ತವೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ನವೀನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು ಸ್ಪಷ್ಟವಾಗಿದೆ: ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಯಾರ ಹೆಸರಿದೆಯೋ ಅವನೇ ಮಾಲೀಕ, ಅಪಘಾತವಾದರೆ ಪರಿಹಾರದ ಹೊಣೆಯೂ ಅವನದೇ. ಹೊಳಲ್ಕೆರೆಯಲ್ಲಿ ಗಾಡಿ ಮಾರಿ ನೆಮ್ಮದಿಯಾಗಿ ಮಲಗಿದವನ ಮನೆಗೆ, ಕಂಡಿರದ ಊರಿನ ಕೋರ್ಟಿನಿಂದ ನೋಟಿಸು ಬರುವುದು ಹೀಗೆ. ಇಲ್ಲಿ ಮಾರುವವನಿಗೇ ಅವಸರ ಹೆಚ್ಚಿರಬೇಕು. ಇರುವುದು ಯಾವಾಗಲೂ ಕೊಳ್ಳುವವನಿಗೆ.

*

ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ತೆಗೆದ ಅಚ್ಚು ನಂಬಿಕಸ್ಥ ದಾಖಲೆ. ಆ ಜಾಗದಲ್ಲಿ ಹೊಸ ಬಣ್ಣವೋ ಗ್ರೈಂಡರಿನ ಗೀರೋ ಕಂಡರೆ, ಉಳಿದದ್ದು ಎಷ್ಟೇ ಚೆಂದವಿರಲಿ, ಟೀ ದುಡ್ಡು ಕೊಟ್ಟು ಎದ್ದು ಬನ್ನಿ.

*

ಗಾಜಿನ ಮೇಲಿನ ಫಾಸ್ಟ್ಯಾಗ್ ಹಳೆ ಮಾಲೀಕನ ಜೇಬು. ಅದನ್ನು ಬದಲಿಸದೆ ಗುಯಿಲಾಳು ಟೋಲ್ ದಾಟಿದರೆ ದುಡ್ಡು ಅವನದ್ದು ಹೋಗುತ್ತದೆ, ಫೋನು ನಿಮಗೆ ಬರುತ್ತದೆ.

*

ಮನೆಗೆ ತಂದ ಮೇಲೆ ಮೊದಲ ವಾರ ಏನನ್ನೂ ರಿಪೇರಿ ಮಾಡಿಸಬಾರದು. ಮೊದಲ ವಾರ ಎಲ್ಲ ಕಲೆಯೂ ದೊಡ್ಡದಾಗಿ ಕಾಣುತ್ತದೆ, ಎಲ್ಲ ಸದ್ದೂ ಚಿಕ್ಕದಾಗಿ ಕೇಳುತ್ತದೆ.

*

ಕತ್ತಿನ ಸರ ಅಡವಿಟ್ಟು ಕೊಂಡ ಗಾಡಿಯ ಮೇಲಿನ ಗೀರು ಮನೆಯಾಕೆಗೇ ಮೊದಲು ಕಾಣುತ್ತದೆ. "ಎಂಜಿನ್ ಚೆನ್ನಾಗೈತೆ ಬಿಡು" ಎಂದು ಗಂಡ ಹೇಳುತ್ತಾನೆ. ಎಂಜಿನ್ ಅವಳಿಗೆ ತೋರಿಸಿದವರಿಲ್ಲ. ತೋರಿಸಿದ್ದು ಬಾಗಿಲು ಮಾತ್ರ. ಬಾಗಿಲ ಬಗ್ಗೆ ಅವಳು ಹೇಳಿದ್ದು ಸರಿಯಾಗಿಯೇ ಇದೆ.

*

ಅಂದ ಬೇಕೇ ಎಂದು ಕೇಳುವವರು ಬಾಡಿಗೆ ಸ್ಟ್ಯಾಂಡಿನಲ್ಲಿ ಒಂದು ಬೆಳಿಗ್ಗೆ ಕೂತು ನೋಡಬೇಕು. ಕುರಿಗೊಬ್ಬರಕ್ಕೆ ಕರೆಯಲು ಬಂದವನು ಗಾಡಿಯ ಮುಖವನ್ನೇ ನೋಡುವುದಿಲ್ಲ, ರೇಟು ಕೇಳುತ್ತಾನೆ. ಮದುವೆ ಸಾಮಾನಿಗೆ, ಹೊಸಮನೆಯ ಬೀರು-ಮಂಚಕ್ಕೆ, ಹೂವಿನ ಲೋಡಿಗೆ ಬಂದವನು ಸಾಲಾಗಿ ನಿಂತ ಗಾಡಿಗಳ ಮುಂದೆ ನಡೆದು, ಚೊಕ್ಕವಾಗಿರುವುದರ ಹತ್ತಿರ ನಿಲ್ಲುತ್ತಾನೆ. ಬಾಡಿ ಅಷ್ಟು ಚೊಕ್ಕ ಇಟ್ಟವನು ಸಾಮಾನನ್ನೂ ಜೋಪಾನ ಮಾಡುತ್ತಾನೆ ಎಂಬ ಅವನ ಲೆಕ್ಕ ತಪ್ಪಿರಬಹುದು, ಆದರೆ ದುಡ್ಡು ಕೊಡುವುದು ಆ ಲೆಕ್ಕದ ಮೇಲೆಯೇ. ಆದ್ದರಿಂದ ಪಿಕಪ್ಪಿಗೆ ಬಣ್ಣ ಹೊಡೆಸುವುದನ್ನು ಷೋಕಿ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾರಿಗೆ ಅದು ಷೋಕಿ. ಪಿಕಪ್ಪಿಗೆ ಅದು ಬಂಡವಾಳ.

*

ಬಂಡವಾಳಕ್ಕೂ ಲೆಕ್ಕವಿರಬೇಕು. ಗಾಡಿಯ ಬೆಲೆಯ ಕಾಲುಭಾಗವನ್ನು ಬಣ್ಣಕ್ಕೇ ಸುರಿದರೆ ಮೂಗಿಗಿಂತ ಮೂಗುತಿ ಭಾರ. ನನ್ನ ವಿಂಗಡಣೆ ಸರಳ: ನೀರು ಒಳಗೆ ಬಿಡುವ ಗಾಯವನ್ನು ಈ ವಾರವೇ ಮುಚ್ಚಿಸಿ, ಕಣ್ಣಿಗೆ ಮಾತ್ರ ಕಾಣುವ ಗಾಯವನ್ನು ಸುಗ್ಗಿ ಮುಗಿಯುವವರೆಗೆ ಬಿಡಿ. ಬಣ್ಣ ಕಿತ್ತು ತಗಡು ಕಂಡ ಬೆರಳಗಲದ ಗೀರು ಅಂಗೈಯಗಲದ ತಗ್ಗಿಗಿಂತ ಅಪಾಯ.

*

ಒಳ್ಳೆ ಟಿಂಕರ್ ತಗ್ಗನ್ನು ಹೊರಗಿನಿಂದ ತುಂಬುವುದಿಲ್ಲ, ಒಳಗಿನಿಂದ ಎಬ್ಬಿಸುತ್ತಾನೆ. ಒಳಗೊಂದು ಕಬ್ಬಿಣದ ಗಟ್ಟಿ ಹಿಡಿದು, ಹೊರಗೆ ಚಪ್ಪಟೆ ಸುತ್ತಿಗೆಯಲ್ಲಿ, ಮಗುವಿನ ಬೆನ್ನು ತಟ್ಟುವಷ್ಟು ಮೆಲ್ಲಗೆ, ತಗ್ಗಿನ ಅಂಚಿನಿಂದ ನಡುವಿಗೆ ಬರುತ್ತಾನೆ. ನಡುವಿಗೇ ಮೊದಲು ಬಡಿದರೆ ತಗಡು ಹಿಗ್ಗಿ, ಒತ್ತಿದರೆ ಟಪ್ ಟಪ್ ಎನ್ನುವ ಎಣ್ಣೆ ಡಬ್ಬಿಯಾಗುತ್ತದೆ. ತಗಡು ತನ್ನ ಹಳೆ ಜಾಗಕ್ಕೆ ಬಂದ ಮೇಲೆ ಪುಟ್ಟಿಗೆ ಉಳಿಯುವ ಕೆಲಸ ಎರಡು ಮೂರು ಮಿಲಿಮೀಟರಿನದು. ಅವಸರದವನು ತಗ್ಗನ್ನು ಹಾಗೇ ಬಿಟ್ಟು ಪುಟ್ಟಿಯಲ್ಲೇ ತುಂಬುತ್ತಾನೆ. ಮೊದಲ ತಿಂಗಳು ಇಬ್ಬರ ಕೆಲಸವೂ ಒಂದೇ ಥರ ಕಾಣುತ್ತದೆ. ಕೂಲಿ ಮಾತ್ರ ಒಂದೇ ಥರ ಇರುವುದಿಲ್ಲ, ಹೆಚ್ಚು ಕೇಳಿದವನನ್ನು ನಾವು ಕಳ್ಳ ಎನ್ನುತ್ತೇವೆ.

*

ಪುಟ್ಟಿಗೆ ಹಾರ್ಡ್ನರ್ ಕಲಸಿದ ಮೇಲೆ ಕಾಲು ಗಂಟೆಯಲ್ಲಿ ಗಟ್ಟಿಯಾಗುತ್ತದೆ. ಆ ಕಾಲು ಗಂಟೆ ಟಿಂಕರಿಗೆ ಫೋನ್ ಮಾಡಬೇಡಿ.

*

ತುಕ್ಕಿನ ಮೇಲೆ ಬಣ್ಣ ಹೊಡೆದರೆ ತುಕ್ಕಿಗೆ ನೆರಳು ಮಾಡಿಕೊಟ್ಟಂತೆ. ಅದು ಒಳಗೇ ತಣ್ಣಗೆ ಬೆಳೆಯುತ್ತದೆ. ಬಿಳಿ ತಗಡು ಕಾಣುವವರೆಗೆ ಉಜ್ಜಬೇಕು, ಅದೇ ದಿನ ಪ್ರೈಮರ್ ಹೊಡೆಯಬೇಕು. ಉಜ್ಜಿ ಬಿಟ್ಟು ಊರ ಜಾತ್ರೆಗೆ ಹೋಗಿ ಬಂದರೆ ಮತ್ತೆ ಮೊದಲಿನಿಂದ ಉಜ್ಜಬೇಕು.

*

ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಉಜ್ಜುವುದು. 80ರ ಕಾಗದ, 180ರ ಕಾಗದ, 320, ಆಮೇಲೆ ನೀರು ಹಾಕಿ 600, 800. ಗನ್ ಹಿಡಿದು ಬಣ್ಣ ಹೊಡೆಯುವವನ ವಿಡಿಯೊವನ್ನು ಎಲ್ಲರೂ ತೆಗೆದುಕೊಳ್ಳುತ್ತಾರೆ. ಎರಡು ದಿನ ಬಕೆಟ್ಟು ಇಟ್ಟುಕೊಂಡು, ಬೆರಳ ತುದಿ ಸುಕ್ಕಾಗುವವರೆಗೆ ಉಜ್ಜಿದ ಹುಡುಗ ಯಾವ ವಿಡಿಯೊದಲ್ಲೂ ಇರುವುದಿಲ್ಲ. ಅವನ ಬೆರಳಿಗೆ ತಿಳಿಯುವ ಉಬ್ಬು ನಮ್ಮ ಕಣ್ಣಿಗೆ ತಿಳಿಯುವುದೂ ಇಲ್ಲ. ಒಂದು ಮಾತು ಇಲ್ಲೇ ಹೇಳಬೇಕು: ಆ ಧೂಳು, ಆ ತಿನ್ನರಿನ ಹಬೆ ಅವನ ಎದೆಗೆ ಇಳಿಯುತ್ತದೆ. ಮೂಗಿಗೆ ಕಟ್ಟಿದ ಕರ್ಚೀಫು ಏನನ್ನೂ ತಡೆಯುವುದಿಲ್ಲ. ಗಾಡಿಗೆ ಸಾವಿರಗಟ್ಟಲೆ ಸುರಿಯುವವರು ಒಂದು ಒಳ್ಳೆಯ ಮಾಸ್ಕು ಕೊಂಡುಕೊಟ್ಟರೆ ಬಿಲ್ಲು ಏರುವುದಿಲ್ಲ.

*

ಜೋಗಿಮಟ್ಟಿಯ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿಯೇ ಕೆಳಗೆ ಊರಿನ ಶೆಡ್ಡುಗಳಲ್ಲಿ ಹಸಿ ಬಣ್ಣದ ಮೇಲೆ ಧೂಳು ತಂದು ಅಂಟಿಸುತ್ತದೆ. ಆಷಾಢದಲ್ಲಿ ಚಿತ್ರದುರ್ಗದ ಪೇಂಟರುಗಳು ಗಾಳಿ ಏಳುವ ಮುಂಚೆ, ನೆಲಕ್ಕೆ ನೀರು ಚಿಮುಕಿಸಿ, ಬೆಳಗಿನ ಜಾವಕ್ಕೇ ಕೆಲಸ ಮುಗಿಸಲು ನೋಡುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಆಷಾಢದಲ್ಲಿ ಗಾಡಿ ಕೊಂಡವರು ಬಣ್ಣಕ್ಕೆ ಎರಡು ತಿಂಗಳು ಕಾಯುವುದು ಮೇಲು.

*

ಬಿಳಿ ಎಂಬುದು ಒಂದು ಬಣ್ಣವೆಂದು ತಿಳಿದವರು ಪಿಕಪ್ಪಿನ ಒಂದು ಬಾಗಿಲಿಗೆ ಮಾತ್ರ ಬಣ್ಣ ಹೊಡೆಸಿ ನೋಡಲಿ. ಕಂಪನಿಯ ಅದೇ ಕೋಡ್ ಕೊಟ್ಟು ತಂದ ಬಿಳಿ, ಎಂಟು ವರ್ಷ ಬಿಸಿಲುಂಡ ಬಿಳಿಯ ಪಕ್ಕದಲ್ಲಿ ಹೊಸ ಅಂಗಿ ತೊಟ್ಟ ನೆಂಟನ ಹಾಗೆ ಎದ್ದು ಕಾಣುತ್ತದೆ. ಜಾಣ ಪೇಂಟರ್ ಹನಿ ಹಳದಿ, ಹನಿ ಕಪ್ಪು ಸೇರಿಸಿ ಹೊಸದನ್ನು ಹಳೆಯದಾಗಿಸುತ್ತಾನೆ. ಹೊಸದಾಗಿ ಕಾಣಿಸಲು ಕೊಟ್ಟ ದುಡ್ಡಿನಲ್ಲಿ ಅವನ ಅತಿ ಸೂಕ್ಷ್ಮ ಕೆಲಸ ಇದು.

*

ಬಿಳಿ ಬೇಸರವಾಗಿ ನೀಲಿ ಮಾಡಿಸುವ ಆಸೆ ಬಂದರೆ ಆರ್‌ಸಿ ತೆಗೆದು ನೋಡಿ. ಅಲ್ಲಿ ಬಣ್ಣದ ಹೆಸರೂ ಇದೆ. ಬಣ್ಣ ಬದಲಿಸಿದರೆ ಆರ್‌ಟಿಓದಲ್ಲಿ ಬರೆಸಬೇಕು. ಇಲ್ಲವಾದರೆ ನಿಮ್ಮ ಗಾಡಿ ಕಾಗದದ ಮೇಲೆ ಇನ್ನೊಂದು ಗಾಡಿ.

*

ಬಂಪರ್ ಬಿಚ್ಚುವ ಮುಂಚೆ ಎಚ್ಎಸ್ಆರ್‌ಪಿ ಎಂಬ ಸುರಕ್ಷತಾ ನಂಬರ್ ಪ್ಲೇಟು ನೆನಪಿರಲಿ. 2019ರ ಏಪ್ರಿಲ್‌ಗೂ ಮುಂಚಿನ ಗಾಡಿಗಳಿಗೆ ಅದನ್ನು ಹಾಕಿಸಿ ಎಂದು ರಾಜ್ಯ ಸರ್ಕಾರ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿತು, ಗಡುವನ್ನು ಮುಂದೂಡುತ್ತಲೇ ಬಂತು. ಅದರ ಸ್ನ್ಯಾಪ್ ಲಾಕ್ ಒಮ್ಮೆ ಬಿಚ್ಚಿದರೆ ಮುರಿಯಿತು, ಮತ್ತೆ ಕೂರುವುದಿಲ್ಲ. ಟಿಂಕರಿಗೆ ಅದು ಗೊತ್ತು. ನೀವು ಕೇಳದಿದ್ದರೆ ಅವನು ಹೇಳುವುದಿಲ್ಲ.

*

ಮುಂದಿನ ಗಾಜಿನ ಮೇಲಿನ ದೇವರ ಹೆಸರನ್ನು ಏನು ಮಾಡುವುದು? ಇದು ಪೇಂಟರಿಗೂ ಬಗೆಹರಿಯದ ಪ್ರಶ್ನೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಪ್ರಸನ್ನ ಎಂದು ಬರೆದ ಗಾಡಿ ಕಣಿವೆ ಮಾರಮ್ಮನ ಒಕ್ಕಲಿನವನ ಕೈಗೆ ಬರುತ್ತದೆ. ಕೆರೆಯಲು ಬ್ಲೇಡ್ ಹಿಡಿದ ಹುಡುಗ ತಲೆಯೆತ್ತಿ "ಏನ್ ಮಾಡಾಣ ಯಜಮಾನ್ರೆ?" ಎನ್ನುತ್ತಾನೆ. ಯಜಮಾನ ಸ್ವಲ್ಪ ಹೊತ್ತು ಬೀಡಿ ಸೇದಿ, "ಅದ್ರ ಕೆಳಗೆ ನಮ್ಮಮ್ಮಂದೂ ಬರ್ದುಬಿಡು" ಎನ್ನುತ್ತಾನೆ. ಮೂರು ಕೈ ದಾಟಿದ ಗಾಡಿಗಳ ಗಾಜಿನಲ್ಲಿ ಹೀಗೆ ಮೂರು ಸೀಮೆಯ ದೇವರು ಒಟ್ಟಿಗೆ ಕೂತಿರುತ್ತಾರೆ, ಡ್ರೈವರಿಗೆ ರಸ್ತೆ ಕಾಣಲು ಗೇಣಗಲ ಜಾಗ ಬಿಟ್ಟುಕೊಟ್ಟು.

*

ದೇವರ ಹೆಸರು ಉಳಿಯುತ್ತದೆ. ಹಳೆ ಮಾಲೀಕನ ಮಕ್ಕಳ ಹೆಸರು ಉಳಿಯುವುದಿಲ್ಲ. ಹಿಂದಿನ ಡೋರಿನ ಮೇಲೆ ಎರಡು ಹೆಸರು, ನಡುವೆ ಗುಲಾಬಿ. ಎಷ್ಟು ಉಜ್ಜಿದರೂ ಓರೆ ಬೆಳಕಿನಲ್ಲಿ ಅಕ್ಷರ ಕಾಣುತ್ತವೆ. ಆ ಮಕ್ಕಳು ಈಗ ಕಾಲೇಜಿನಲ್ಲಿರಬಹುದು.

*

ಬೋರ್‌ವೆಲ್ ನೀರಿನಲ್ಲಿ ಗಾಡಿ ತೊಳೆದು ಬಿಸಿಲಿಗೆ ಬಿಟ್ಟರೆ ಹೊಸ ಬಣ್ಣದ ಮೇಲೆ ಬಿಳಿ ಬಿಳಿ ಚುಕ್ಕೆ ಕೂರುತ್ತವೆ. ನಮ್ಮ ಕಡೆಯ ನೀರಿನ ಗಡಸು ಅಷ್ಟು. ತೊಳೆದ ಕೂಡಲೇ ಬಟ್ಟೆಯಲ್ಲಿ ಒರೆಸಬೇಕು. ನೆರಳಿನಲ್ಲಿ ತೊಳೆಯಬೇಕು ಎಂದೂ ಹೇಳಬಹುದಿತ್ತು, ಆದರೆ ಹಿರಿಯೂರಿನಲ್ಲಿ ಪಿಕಪ್ಪಿಗಾಗುವಷ್ಟು ನೆರಳು ಹುಡುಕುವುದು ಗಾಡಿ ಹುಡುಕುವುದಕ್ಕಿಂತ ಕಷ್ಟ.

*

ಹೊಳಲ್ಕೆರೆಯ ಬಯಲು ಗಣಪತಿ ಸೂರಿಲ್ಲದೆ ಬಿಸಿಲಲ್ಲೇ ಕೂತಿದ್ದಾನೆ. ಹೊಸ ಬಣ್ಣದ ಗಾಡಿಯನ್ನು ಮೊದಲು ಅಲ್ಲಿಗೆ ಪೂಜೆಗೆ ಒಯ್ದು, ಪೂಜೆ ಮುಗಿದ ಕೂಡಲೇ ನೆರಳಿಗೆ ಹಾಕುವವರನ್ನು ನೋಡಿದ್ದೇನೆ.

*

ಚಕ್ರಕ್ಕೆ ನಿಂಬೆಹಣ್ಣು, ಬಂಪರಿಗೆ ಕರಿದಾರ, ಹಿಂದೆ ನಾಲಿಗೆ ಚಾಚಿದ ದೃಷ್ಟಿಬೊಂಬೆ. ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಗೀರು ಬೀಳುತ್ತದೆ, ಹೆಚ್ಚಾಗಿ ಸ್ವಂತ ಕೊಟ್ಟಿಗೆಯ ಬಾಗಿಲಲ್ಲೇ. ಆ ಗೀರು ಬಿದ್ದ ಮೇಲೆ ಗಾಡಿ ಓಡಿಸುವುದು ಸುಲಭ.

*

ಜಾತ್ರೆಗೆ ಜನ ತುಂಬಲೆಂದು ಹಿಂದಿನ ಬಾಡಿಯ ಮೇಲೆ ಕಂಬಿ ಬೆಸೆಸಿ, ಅಡ್ಡ ಹಲಗೆ ಹಾಕಿಸುವುದನ್ನು ಯಾರೂ ಕುಂದು ಎಂದು ಕರೆಯುವುದಿಲ್ಲ, ಅನುಕೂಲ ಎನ್ನುತ್ತಾರೆ. ಸರಕು ಗಾಡಿಯಲ್ಲಿ ಕೂತ ಜನರಿಗೆ ವಿಮೆಯ ಆಸರೆ ಇಲ್ಲವೆಂದು ಸುಪ್ರೀಂ ಕೋರ್ಟ್ 2002ರಲ್ಲೇ ಆಶಾರಾಣಿ ಪ್ರಕರಣದಲ್ಲಿ ಹೇಳಿದೆ. ಹಳೆ ಗಾಡಿಯಲ್ಲಿ ಬಿಚ್ಚಿಸಬೇಕಾದ ಮೊದಲ ಅಲಂಕಾರ ಆ ಕಂಬಿ.

*

ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ವರ್ಷವರ್ಷವೂ ಫಿಟ್‌ನೆಸ್ ಪರೀಕ್ಷೆ, ಅಂದರೆ ಎಫ್‌ಸಿ. ಎಫ್‌ಸಿ ಬಂತೆಂದರೆ ಗಾಡಿಗೆ ಹಬ್ಬ: ಹೊಸ ಬಲ್ಬು, ಹೊಸ ರಿಫ್ಲೆಕ್ಟರ್ ಟೇಪು, ಚಕ್ರದ ಡಿಸ್ಕಿಗೆ ಸಿಲ್ವರ್, ಚಾಸಿಗೆ ಕರಿ ಬಣ್ಣ. ಆ ಕರಿ ಬಣ್ಣದ ಅಡಿಯಲ್ಲಿ ಎಷ್ಟು ವರ್ಷದ ಎಫ್‌ಸಿಗಳು ಪದರುಪದರಾಗಿ ಕೂತಿವೆ ಎಂದು ಚೂರಿಯಿಂದ ಕೆರೆದು ಎಣಿಸಬಹುದು. ಪದರ ಉದುರುವ ಕಡೆ ಅದರ ಅಡಿಯ ಕಬ್ಬಿಣವೂ ಉದುರುತ್ತಿದೆಯೇ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ. ಬಣ್ಣ ಹೊಡೆಸುವ ಭರಾಟೆಯಲ್ಲಿ ಕೇಳಲು ಮರೆಯುವುದೂ ಅದನ್ನೇ.

*

ಎಲ್ಲ ಮುಗಿದ ಮೇಲೆ ಅಕ್ಷರ ಬರೆಯುವವನ ಸರದಿ. ಎಡಬದಿಯಲ್ಲಿ ಮಾಲೀಕನ ಹೆಸರು, ಊರು, ಖಾಲಿ ತೂಕ, ಲೋಡ್ ತೂಕ, ಎಫ್‌ಸಿ ತಾರೀಕು. ಆರ್‌ಸಿಯಲ್ಲಿ ಹೆಸರು ಬದಲಾಗುವ ಮುಂಚೆ ಇಲ್ಲಿ ಬದಲಿಸಬೇಡಿ, ಚೆಕ್‌ಪೋಸ್ಟಿನಲ್ಲಿ ಎರಡು ಉತ್ತರ ಕೊಡಬೇಕಾಗುತ್ತದೆ. ಕುಂಚ ಹಿಡಿದವನು ಹೆಸರನ್ನು ದಪ್ಪಕ್ಕೆ, ನೆರಳು ಕೊಟ್ಟು ಬರೆಯಲು ಹೊರಟರೆ ಹೊಸ ಮಾಲೀಕ ತಡೆಯುತ್ತಾನೆ: "ಹೆಸ್ರು ಸಣ್ಣಕ್ಕಿರ್ಲಿ ಕಣಣ್ಣ, ಮೊಬೈಲ್ ನಂಬರ್ ದಪ್ಪಕ್ ಬರಿ. ಬಾಡಿಗೆ ಬರೋದು ನಂಬರಿಗೆ."